ಬಣಕಲ್ ಸೀಮೆಯ ಹಳೆಯ ಸೂರುಗಳು

ಆಷಾಢದಲ್ಲಿ ಮೂಡಿಗೆರೆ ತಾಲ್ಲೂಕಿನ ಬಣಕಲ್ ಪೇಟೆಗೆ ಬೆಳಕು ಬರುವುದು ತಡ. ಎಂಟು ಗಂಟೆಯಾದರೂ ಅಂಗಡಿಗಳ ಒಳಗಿನ ದೀಪ ಆರಿರುವುದಿಲ್ಲ. ಚಾರ್ಮಾಡಿ ಘಾಟಿ ಹತ್ತಿ ಬಂದ ಮೀನಿನ ಲಾರಿ ಹಿಂದಿನಿಂದ ನೀರು ಸುರಿಸುತ್ತ ಮೂಡಿಗೆರೆಯ ಕಡೆ ಹೋಗುತ್ತದೆ. ಧರ್ಮಸ್ಥಳದ ಬಸ್ಸು ಮುಂಗಾಜಿನ ಹಬೆ ಒರೆಸಿಕೊಳ್ಳುತ್ತ ಕೊಟ್ಟಿಗೆಹಾರದ ಕಡೆ ಹೊರಡುತ್ತದೆ. ತೋಟದ ಪಿಕಪ್ಪಿನಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರು ಒಬ್ಬರಿಗೊಬ್ಬರು ಅಂಟಿ ನಿಂತಿರುತ್ತಾರೆ. ರಸ್ತೆಯ ಮೇಲೆಲ್ಲ ಚರಂಡಿಯ ಕೆಂಪು ನೀರು. ಮೋಡ ಎಷ್ಟು ಕೆಳಗಿಳಿದಿರುತ್ತದೆಂದರೆ ಸಿಲ್ವರ್ ಓಕ್ ಮರಗಳ ತುದಿ ಕಾಣುವುದಿಲ್ಲ. ಚರ್ಚಿನ ಗಂಟೆ ಬಾರಿಸಿದರೆ ಸದ್ದು ಮಂಜಿನೊಳಗಿಂದಲೇ ಹುಟ್ಟಿ ಬಂದಂತಿರುತ್ತದೆ; ಯಾವ ದಿಕ್ಕಿನದು ಎಂದು ಹೊಸಬರಿಗೆ ತಿಳಿಯದು.

73ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಾದುಹೋಗುವವರು ನೀರ್‌ದೋಸೆಗೆ ಕೊಟ್ಟಿಗೆಹಾರದಲ್ಲಿ ನಿಲ್ಲುತ್ತಾರೆ, ಫೋಟೊಗೆ ಘಾಟಿಯ ತಿರುವಿನಲ್ಲಿ ನಿಲ್ಲುತ್ತಾರೆ. ಬಣಕಲ್ಲಿನಲ್ಲಿ ನಿಲ್ಲುವವರು ಕಡಿಮೆ. ನಿಂತು ತಲೆಯೆತ್ತಿ ನೋಡಿದರೆ ಈ ಸೀಮೆಯ ವಯಸ್ಸು ಸೂರುಗಳಲ್ಲಿ ಓದಲು ಸಿಗುತ್ತದೆ. ಹೆದ್ದಾರಿಯ ಬದಿಗೆ ಆರ್‌ಸಿಸಿ ಕಟ್ಟಡಗಳು. ತಾರಸಿ ಸೋರುತ್ತದೆಂದು ಅವುಗಳ ನೆತ್ತಿಗೂ ಈಗ ಬಣ್ಣದ ಶೀಟು ಹೊದಿಸಿದ್ದಾರೆ. ಒಳರಸ್ತೆಗೆ ಇಳಿದರೆ ಪಾಚಿ ಹಿಡಿದು ಕಪ್ಪಾದ ಮಂಗಳೂರು ಹೆಂಚು. ಇನ್ನೂ ಒಳಗೆ, ತೋಟದ ನಡುವೆ, ಕೈಯಲ್ಲಿ ಮಾಡಿದ ಅರೆಗೊಳವೆಯಂಥ ನಾಡಹೆಂಚಿನ ಕೊಟ್ಟಿಗೆಯೊಂದು ಬಾಗಿ ನಿಂತಿರಲೂಬಹುದು. ಅದರ ಮೇಲೆ ಜರಿಗಿಡ ಬೆಳೆದಿರುತ್ತದೆ.

ಹಳೆಯ ಕಟ್ಟಡಗಳ ಮಾತು ಬಂದಾಗ ನಮ್ಮ ಮನಸ್ಸು ನೇರವಾಗಿ ಬೇಲೂರು, ಹಳೇಬೀಡಿಗೆ ಓಡುತ್ತದೆ. ಅದು ತಪ್ಪಲ್ಲ. ಆದರೆ ಒಂದು ಹೋಬಳಿ ತನ್ನ ನೂರಿನ್ನೂರು ವರ್ಷದ ಬದುಕನ್ನು ಕಟ್ಟಿಟ್ಟಿರುವುದು ಚೌಕಿಮನೆಗಳಲ್ಲಿ, ಚರ್ಚಿನಲ್ಲಿ, ಶಾಲೆಯಲ್ಲಿ, ತೋಟದ ಬಂಗಲೆಯಲ್ಲಿ, ಲೈನ್ ಮನೆಗಳಲ್ಲಿ, ಊರ ದೇವರ ಗುಡಿಯಲ್ಲಿ. ಇವು ಯಾವ ಸರ್ಕಾರಿ ಪಟ್ಟಿಯ ಕಣ್ಣಿಗೂ ಸುಲಭಕ್ಕೆ ಬೀಳುವಂಥವಲ್ಲ. ಮಳೆ ಮಾತ್ರ ಇವುಗಳನ್ನು ಪ್ರತಿವರ್ಷ ಒಂದೊಂದಾಗಿ ಎಣಿಸುತ್ತದೆ.

ಬಣಕಲ್ ಸುತ್ತಿನ ಹಳೆಯ ಚೌಕಿಮನೆಯೊಂದರ ಒಳಗೆ ಮಳೆಗಾಲದಲ್ಲಿ ಕೂತು ನೋಡಬೇಕು. ಜಗಲಿಯ ಮೇಲೆ ಹಲಸಿನ ಮರದ ಮುಂಡಿಗೆಗಳು. ಒರಗಿ ಕೂತ ಬೆನ್ನುಗಳು ತಲೆಮಾರುಗಟ್ಟಲೆ ಸವರಿ ಅವುಗಳಿಗೆ ಎಣ್ಣೆಯ ಹೊಳಪು ಬಂದಿದೆ. ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು. ಒಳಗೆ ನಡುವೆ ಆಕಾಶಕ್ಕೆ ತೆರೆದ ಅಂಗಳ. ನಾಲ್ಕೂ ಕಡೆಯ ಸೂರಿನಿಂದ ನೀರು ಸರಿಗೆ ಸರಿಗೆಯಾಗಿ ಇಳಿದು, ಕಲ್ಲು ಹಾಸಿನ ಮೇಲೆ ಬಿದ್ದು, ಮೂಲೆಯ ತೂಬಿನಲ್ಲಿ ಹೊರಗೆ ಹರಿಯುತ್ತದೆ. ಮನೆಯ ನಟ್ಟನಡುವೆ ಮಳೆ, ಸುತ್ತ ಒಣಗಿದ ಪಡಸಾಲೆ. ಅಲ್ಲೇ ಒಂದು ಮಂಚ, ಅಲ್ಲೇ ಹಲಸಿನ ಹಪ್ಪಳದ ಡಬ್ಬ, ಅಲ್ಲೇ ಮಕ್ಕಳ ಓದು. ಮೇಲಿನ ಅಟ್ಟದಲ್ಲಿ ಒಣಮೆಣಸಿನ ಚೀಲ. ಕತ್ತಲೆ ಕೋಣೆಯಲ್ಲಿ ಭತ್ತದ ಕಣಜ; ಗದ್ದೆ ಬೀಳು ಬಿದ್ದ ಮೇಲೆ ಅದರಲ್ಲಿ ಹಳೆಯ ಹಾಸಿಗೆಗಳು.

ಈ ಮನೆಗಳ ಗೋಡೆ ಮಣ್ಣಿನದು. ಮಳೆಗಾಲದಲ್ಲಿ ನೂರು ಇಂಚು ದಾಟುವುದು ಸುದ್ದಿಯೇ ಅಲ್ಲದ ನಾಡಿನಲ್ಲಿ ಮಣ್ಣಿನ ಗೋಡೆ ನೂರು ವರ್ಷ ನಿಲ್ಲುವುದು ಹೇಗೆ? ಗೋಡೆಗೆ ಮಳೆ ತಾಗದಂತೆ ನೋಡಿಕೊಂಡರೆ ನಿಲ್ಲುತ್ತದೆ. ಅದಕ್ಕೇ ಸೂರನ್ನು ಗೋಡೆಯಿಂದ ಮಾರುದ್ದ ಹೊರಕ್ಕೆ ಚಾಚಿ ಇಳಿಬಿಟ್ಟರು. ಗಾಳಿ ಬಡಿಯುವ ಪಡುವಣ ಬದಿಗೆ ಮೇ ತಿಂಗಳಲ್ಲೇ ಅಡಕೆ ಸೋಗೆಯ ತಟ್ಟಿ ಕಟ್ಟಿದರು. ಗೋಡೆಗೆ ಸುಣ್ಣ ಬಳಿದರು. ಸುಣ್ಣದ ಗೋಡೆ ಹೀರಿದ ತೇವವನ್ನು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಈಚೆಗೆ ಮನೆ ಗಟ್ಟಿಯಾಗಲಿ ಎಂದು ಅದೇ ಗೋಡೆಗೆ ಸಿಮೆಂಟು ಗಿಲಾವು ಮಾಡಿಸುತ್ತಾರೆ. ಒಳಗೆ ಸೇರಿದ ನೀರಿಗೆ ಹೊರಬರಲು ದಾರಿಯಿಲ್ಲ. ನಾಲ್ಕೈದು ಮಳೆಗಾಲ ಹೊರಗೆ ಎಲ್ಲ ನುಣುಪಾಗಿ ಕಾಣುತ್ತದೆ. ಆಮೇಲೊಂದು ರಾತ್ರಿ ಗೋಡೆಯ ಬುಡ ಕರಗಿ ಜಾರುತ್ತದೆ. ಪ್ರೀತಿಯಿಂದ ಮಾಡಿದ ದುರಸ್ತಿಯೇ ಮನೆಯನ್ನು ಕೊಲ್ಲುವುದನ್ನು ನೋಡಿದರೆ ಸಂಕಟವಾಗುತ್ತದೆ.

ಒಂದು ಮನೆಯ ಅಜ್ಜಿ ಅಡುಗೆಕೋಣೆಯ ಮಾಡಿನ ಕಡೆ ಕೈತೋರಿಸಿ, "ಒಲೆ ಹೊಗೆ ತಾಗ್ತಿದ್ದಷ್ಟು ದಿನ ಈ ತೊಲೆಗೆ ಹುಳ ಹತ್ತಿರ್ಲಿಲ್ಲ ಕಣಪ್ಪ. ಗ್ಯಾಸ್ ಬಂತು, ಹುಳಾನೂ ಬಂತು" ಎಂದರು. ಮಾತು ಅಕ್ಷರಶಃ ನಿಜ. ಸೌದೆ ಒಲೆಯ ಹೊಗೆ ದಿನಕ್ಕೆರಡು ಹೊತ್ತು ಪಕಾಸಿ, ರೀಪುಗಳಿಗೆ ಕಪ್ಪು ಲೇಪ ಕೊಡುತ್ತಿತ್ತು. ಗೆದ್ದಲಿಗೆ, ಕೊರೆಹುಳಕ್ಕೆ ಅದು ಆಗದು. ಹೊಗೆ ನುಂಗಿದ ಆ ಅಜ್ಜಿಯ ಕಣ್ಣು, ಎದೆ ಏನಾಗಿದ್ದವೆಂದು ನಾನು ಮರೆಯುವುದಿಲ್ಲ. ಒಲೆಯನ್ನು ಮತ್ತೆ ತರಬೇಕೆಂದು ಹೇಳುವ ಮನಸ್ಸೂ ಇಲ್ಲ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಬೇರೆ ಯಾರಾದರೂ ಮಾಡಬೇಕು, ವರ್ಷಕ್ಕೊಮ್ಮೆ ತೊಲೆಗೆ ಎಣ್ಣೆ ಸವರಬೇಕು ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ.

ಮಂಗಳೂರು ಹೆಂಚಿನದೂ ಒಂದು ಚರಿತ್ರೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಆ ಚಪ್ಪಟೆ ಹೆಂಚು ಕರಾವಳಿಯಿಂದ ಘಾಟಿ ಹತ್ತಿ ಬಂದಮೇಲೆ ಮಲೆನಾಡಿನ ಮನೆಯ ಆಕಾರವೇ ಬದಲಾಯಿತು. ಹುಲ್ಲಿನ ಮಾಡು ಹೋಯಿತು, ನಾಡಹೆಂಚು ಹಿತ್ತಿಲಿಗೆ ಸರಿಯಿತು. ಒಳಗೆ ಗಾಜಿನ ಹೆಂಚು ಬಂದು ಕತ್ತಲೆ ಕೋಣೆಗೆ ಒಂದು ಚೌಕದ ಬೆಳಕು ಬಿತ್ತು. ಈಗ ಆ ಹೆಂಚಿಗೂ ಕಾಲ ಮುಗಿಯುತ್ತ ಬಂದಿದೆ. ಮಂಗಗಳು ಗುಂಪಾಗಿ ಹಾರಿ ಒಂದೇ ಬೆಳಿಗ್ಗೆ ಹತ್ತಾರು ಹೆಂಚು ಒಡೆಯುತ್ತವೆ. ಒಡೆದ ಕಡೆ ನೀರು ಇಳಿದು ರೀಪು ಕೊಳೆಯುತ್ತದೆ. ಯಜಮಾನರು ಬೇಸತ್ತು ಶೀಟಿಗೆ ಮೊರೆಹೋಗುತ್ತಾರೆ. ಅವರನ್ನು ದೂರಲಾರೆ. ಮಳೆಗಾಲದ ನಡುರಾತ್ರಿ ಪಾತ್ರೆ ಹಿಡಿದು ಸೋರಿಕೆಯ ಹಿಂದೆ ಓಡಾಡಿದವರಿಗೆ ಹಳೆಯ ಸೂರಿನ ಚೆಲುವನ್ನು ಬಣ್ಣಿಸಿ ಹೇಳುವುದು ಸುಲಭವಲ್ಲ.

ಪೇಟೆಯಿಂದ ಕೊಟ್ಟಿಗೆಹಾರ, ಬಾಳೂರು, ಜಾವಳಿ ದಾಟಿ ಕಳಸದ ದಾರಿ ಹಿಡಿದರೆ ಸುಂಕಸಾಲೆಯ ಕಡೆ ಬೆಟ್ಟಗಳು ಎದ್ದು ನಿಲ್ಲುತ್ತವೆ. ಜಾವಳಿಯ ಹತ್ತಿರ ಹೇಮಾವತಿ ಹುಟ್ಟುತ್ತಾಳೆ. ಅವಳ ನೆತ್ತಿಯ ಮೇಲೆ, ಸುಮಾರು 1,500 ಮೀಟರ್ ಎತ್ತರದಲ್ಲಿ, ಬಲ್ಲಾಳರಾಯನ ದುರ್ಗ. ಹೊಯ್ಸಳ ಒಂದನೇ ವೀರನರಸಿಂಹನ ರಾಣಿ ಕಟ್ಟಿಸಿದ್ದೆಂದು ಪ್ರತೀತಿ. ಅವನ ಆಳ್ವಿಕೆ 12ನೆಯ ಶತಮಾನದ ನಡುಭಾಗದ್ದು. ಕೆಳಗಿನ ದುರ್ಗದಹಳ್ಳಿಯಿಂದ ಕಾಲುದಾರಿ ಮೊದಲು ಕಾಡಿನೊಳಗೆ ಹೋಗುತ್ತದೆ. ಒದ್ದೆ ಎಲೆಯ ಮೇಲೆ ಉಂಬಳಗಳು ತಲೆಯೆತ್ತಿ ಕಾಯುತ್ತಿರುತ್ತವೆ. ಕಾಡು ಥಟ್ಟನೆ ಮುಗಿದು ಹುಲ್ಲುಬೋಳೆ ಶುರುವಾಗುತ್ತದೆ. ಅಲ್ಲಿಂದ ಮೇಲೆ ಗಾಳಿಯದೇ ರಾಜ್ಯ.

ಕೋಟೆ ಎಂದರೆ ಚಿತ್ರದುರ್ಗದಂಥ ಬುರುಜು, ಬಾಗಿಲುಗಳ ಸಾಲನ್ನು ನೆನೆದವರಿಗೆ ಇಲ್ಲಿ ನಿರಾಸೆಯಾಗಬಹುದು. ಬೆಟ್ಟದ ಏಣಿನ ಉದ್ದಕ್ಕೂ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಯೊಂದು ಏಳುತ್ತ ಬೀಳುತ್ತ ಹೋಗಿದೆ. ಕೆಲವೆಡೆ ಆಳೆತ್ತರ, ಕೆಲವೆಡೆ ಹುಲ್ಲಿನೊಳಗೆ ಹುದುಗಿದ ಕಲ್ಲುಗುಪ್ಪೆ. ನನಗೆ ಈ ಗೋಡೆಯ ಮೇಲೆ ಬಹಳ ಗೌರವ. ಗಾರೆಯಿಲ್ಲದ ಸಂದುಗಳಲ್ಲಿ ನೀರು ನಿಲ್ಲದೆ ಹರಿದುಹೋಗುತ್ತದೆ, ಗಾಳಿ ನುಸುಳಿ ಹೋಗುತ್ತದೆ. ಇಷ್ಟು ಮಳೆಗೆ ಇಷ್ಟಾದರೂ ಉಳಿದಿರುವುದಕ್ಕೆ ಅದೇ ಕಾರಣ. ಮಂಜು ಸರಿದ ಗಳಿಗೆಯಲ್ಲಿ ಪಡುವಣಕ್ಕೆ ನೋಡಿದರೆ ನೆಲವೇ ಕಳಚಿ ಬಿದ್ದಂತೆ ಬೆಳ್ತಂಗಡಿಯ ಬಯಲು. ಅಲ್ಲಿ ಒಂಟಿಯಾಗಿ ನಿಂತ ಬಂಡೆ ಗಡಾಯಿಕಲ್ಲು. ಅದರ ಮೇಲೆ ಟಿಪ್ಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ. ಮೇಲಿನ ಅಂಚಿನಲ್ಲೊಂದು ಕೋಟೆ, ಕೆಳಗಿನ ಬಂಡೆಯ ಮೇಲೊಂದು ಕೋಟೆ. ನಡುವಿನ ಆರು ಶತಮಾನಕ್ಕೂ ಹೆಚ್ಚಿನ ಕಾಲದಲ್ಲಿ ಈ ಘಾಟಿಗಳ ಮೂಲಕ ಏನೆಲ್ಲ ಏರಿತು, ಏನೆಲ್ಲ ಇಳಿಯಿತು ಎಂದು ನೆನೆಯುತ್ತ ಅಲ್ಲಿ ನಿಂತಿದ್ದರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಉಪ್ಪು, ಒಣಮೀನು ಮೇಲಕ್ಕೆ. ಮೆಣಸು, ಏಲಕ್ಕಿ, ಅಕ್ಕಿ ಕೆಳಕ್ಕೆ.

ಈಗ ರಜಾದಿನಗಳಲ್ಲಿ ಈ ಏಣಿನ ಮೇಲೆ ಚಾರಣಿಗರ ಸಾಲು. ಬರಲಿ, ನೋಡದವರು ಪ್ರೀತಿಸುವುದಾದರೂ ಹೇಗೆ? ಆದರೆ ಕಲ್ಲಿನ ಗೋಡೆ ಒಂದು ಕಲ್ಲಿನ ಭಾರ ಇನ್ನೊಂದಕ್ಕೆ ಕೊಟ್ಟು ನಿಂತದ್ದು. ಅದರ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡಾಗ ಒಂದು ಕಲ್ಲು ಜಾರಿದರೆ ಮುಂದಿನ ಮಳೆಗೆ ಹತ್ತು ಕಲ್ಲು ಜಾರುತ್ತವೆ. ಮತ್ತೆ ಎತ್ತಿಡುವವರು ಯಾರೂ ಇಲ್ಲ.

ಹೊಯ್ಸಳರ ಮಾತು ಬಂದಮೇಲೆ ಅಂಗಡಿ ಎಂಬ ಊರಿಗೆ ಹೋಗದಿದ್ದರೆ ಆಗದು. ಬಣಕಲ್ಲಿನಿಂದ ಅದು ವಿರುದ್ಧ ದಿಕ್ಕು. ಮೂಡಿಗೆರೆ ದಾಟಿ ಗೋಣಿಬೀಡು, ಜನ್ನಾಪುರದ ಕಡೆ ಹೋಗಬೇಕು. ಶಾಸನಗಳ ಸೊಸೆವೂರು, ಶಶಕಪುರ ಇದೇ. ಸಳನೂ ಹುಲಿಯೂ ಎದುರಾದ ಕಥೆ ಇಲ್ಲಿನ ವಸಂತಿಕಾ ದೇವಿಯ ಗುಡಿಯ ಹತ್ತಿರ ನಡೆದದ್ದೆಂದು ನಂಬಿಕೆ. ಕಥೆ ಹಾಗಿರಲಿ, ಕಲ್ಲಿನ ಸಾಕ್ಷಿ ಗಟ್ಟಿಯಾಗಿದೆ. ಹೊಯ್ಸಳ ಅರಸ ವಿನಯಾದಿತ್ಯನ ಗುರು ಶಾಂತಿದೇವರು 1062ರಲ್ಲಿ ಇಲ್ಲಿ ದೇಹಬಿಟ್ಟದ್ದನ್ನು ಶಾಸನ ಹೇಳುತ್ತದೆ. ಆಗಿನ್ನೂ ಬೇಲೂರಿನ ದೇಗುಲ ಹುಟ್ಟಿರಲಿಲ್ಲ. ಅದಕ್ಕೆ 1117ರವರೆಗೆ ಕಾಯಬೇಕು. ಕಾಡಿನ ಪುಟ್ಟ ಊರಿನಲ್ಲಿ 'ಮಲೆಪರೊಳ್ ಗಂಡ' ಎಂದು ಕರೆಸಿಕೊಂಡು ಹೊರಟ ಮನೆತನ ಬೇಲೂರಿಗೆ, ಅಲ್ಲಿಂದ ದೋರಸಮುದ್ರಕ್ಕೆ ಇಳಿಯಿತು. ಊರಿನಲ್ಲಿ ಬಸದಿಗಳೂ ಕೇಶವ, ಈಶ್ವರರ ಗುಡಿಗಳೂ ಉಳಿದವು. ಬಹುಕಾಲ ಅವುಗಳ ಮೇಲೆ ಕಾಡು ಹಬ್ಬಿತ್ತು. ಸುತ್ತ ಈಗ ಕಾಫಿ.

ಬಳಪದ ಕಲ್ಲಿನ ಗುಡಿಗೆ ಮಲೆನಾಡಿನಲ್ಲಿ ಬರುವ ಕುತ್ತು ಮೇಲಿನಿಂದ ಶುರುವಾಗುತ್ತದೆ. ಚಪ್ಪಡಿ ಮೇಲಿನ ಗಾರೆ ಮೊದಲು ಬಿರುಕು ಬಿಡುತ್ತದೆ. ಆ ಬಿರುಕಿಗೆ ಹಕ್ಕಿಯೊಂದು ಅತ್ತಿಯ ಬೀಜ ಬೀಳಿಸುತ್ತದೆ. ಬೇರು ಸಂದು ಹುಡುಕಿ ಇಳಿಯುತ್ತದೆ, ದಪ್ಪವಾಗುತ್ತದೆ, ಕಲ್ಲನ್ನು ಕಲ್ಲಿನಿಂದ ಬಿಡಿಸುತ್ತದೆ. ಇಡೀ ಗುಡಿಯನ್ನು ಮರವೊಂದು ತೆಕ್ಕೆಯಲ್ಲಿ ಹಿಡಿದಿರುತ್ತದೆ; ಮರ ಕಡಿದರೂ ಗುಡಿ ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಬೀಜ ಮೊಳಕೆಯೊಡೆದ ವರ್ಷವೇ ಒಬ್ಬ ಹುಡುಗ ಮೇಲೆ ಹತ್ತಿ ಕಿತ್ತು ಎಸೆದಿದ್ದರೆ ಸಾಕಿತ್ತು. ಇದರ ಮೇಲೆ ನಿಧಿಗಳ್ಳರ ಕಾಟ ಬೇರೆ. ನಾಡಿನ ಎಷ್ಟೋ ಪಾಳುಗುಡಿಗಳಲ್ಲಿ ಪೀಠ ಅಗೆದ ಗುಂಡಿಗಳು ಇನ್ನೂ ಬಾಯ್ದೆರೆದಿವೆ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪಾರಂಪರಿಕ ಪಟ್ಟಿ ಸೇರಿದಾಗ ನಾವೆಲ್ಲ ಹಿಗ್ಗಿದೆವು. ಆ ಹಿಗ್ಗಿನಲ್ಲಿ ಅಂಗಡಿಯ ಹೆಸರು ಎಲ್ಲೂ ಜೋರಾಗಿ ಕೇಳಲಿಲ್ಲ. ಹಳೇಬೀಡಿನ ಕಲ್ಲಿಗೆ ಇಲ್ಲಿನ ಮಳೆಯ ಪರೀಕ್ಷೆ ಇಲ್ಲ; ಮಳೆಯ ಪರೀಕ್ಷೆ ಇರುವ ಅಂಗಡಿಗೆ ಅಲ್ಲಿನಷ್ಟು ಕಣ್ಣುಗಳಿಲ್ಲ. ಬೇರು ಇಲ್ಲಿದೆ, ಹೂವು ಅಲ್ಲಿದೆ ಎಂದು ಗೊತ್ತಿದ್ದೂ ನೀರೆಲ್ಲ ಹೂವಿಗೇ ಎರೆಯುತ್ತಿದ್ದೇವೆ.

ನಮ್ಮಲ್ಲಿ ದಾಖಲೆಗಾಗಲಿ ಕಾನೂನಿಗಾಗಲಿ ಕೊರತೆಯಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಈ ಚಿಕ್ಕಮಗಳೂರು ಜಿಲ್ಲೆ ಇನ್ನೂ ಕಡೂರು ಜಿಲ್ಲೆಯಾಗಿದ್ದಾಗ ಊರೂರಿನ ಶಾಸನಗಳನ್ನು ಓದಿಸಿ, ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದರು; ಮೂಡಿಗೆರೆ ತಾಲ್ಲೂಕಿನ ಕಲ್ಲುಗಳೂ ಅದರಲ್ಲಿವೆ. ಕೇಂದ್ರದ ಸ್ಮಾರಕ ಕಾಯ್ದೆ 1958ರದ್ದು, ರಾಜ್ಯದ ಕಾಯ್ದೆ 1961ರದ್ದು. ಕನಿಷ್ಠ 100 ವರ್ಷ ಹಳೆಯದಾದ, ಚರಿತ್ರೆಯ ಅಥವಾ ಕಲೆಯ ಬೆಲೆಯುಳ್ಳ ಕಟ್ಟಡವನ್ನು ಸ್ಮಾರಕವೆಂದು ಘೋಷಿಸಲು ದಾರಿಯಿದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಇದು 2010ರ ತಿದ್ದುಪಡಿ. ಇಡೀ ದೇಶದಲ್ಲಿ ಇಂಥ ರಕ್ಷಣೆ ಪಡೆದವು 3,600ಕ್ಕೂ ಹೆಚ್ಚು.

ಚೌಕಿಮನೆ, ಲೈನ್ ಮನೆಯಂಥವು ಆ ಲೆಕ್ಕಕ್ಕೆ ಬರುವುದಿಲ್ಲ. ಅಂಥವನ್ನೂ ಲೆಕ್ಕಕ್ಕೆ ಹಿಡಿಯುವ ಏರ್ಪಾಡೊಂದು ಇಂಗ್ಲೆಂಡಿನಲ್ಲಿದೆ. ಅಲ್ಲಿ ಒಂದು ಪ್ಯಾರಿಷ್ ಎಂದರೆ ಚರ್ಚಿನ ಸುತ್ತಿನ ಸಣ್ಣ ಹಳ್ಳಿಗುಂಪು. ನಮ್ಮ ಗ್ರಾಮ ಪಂಚಾಯಿತಿಯಷ್ಟು ಎನ್ನಬಹುದು. ಅಂಥ ಒಂದೊಂದರಲ್ಲೂ ಯಾವ ಯಾವ ಹಳೆಯ ಕಟ್ಟಡ ರಕ್ಷಣೆಗೆ ಒಳಪಟ್ಟಿದೆ ಎಂಬ ಪಟ್ಟಿ ಇದೆ. 1947ರ ಕಾಯ್ದೆಯಿಂದ ಗಟ್ಟಿಗೊಂಡ ಈ ಏರ್ಪಾಡಿನಲ್ಲಿ ಈಗ ಸುಮಾರು 4 ಲಕ್ಷ ನಮೂದುಗಳು. ಚರ್ಚು, ಅರಮನೆ ಮಾತ್ರವಲ್ಲ. ಒಕ್ಕಲಿಗನ ಮನೆ, ಧಾನ್ಯದ ಕಣಜ, ಮೈಲಿಗಲ್ಲು, ಸಮಾಧಿಕಲ್ಲು, ಕೆಂಪು ಟೆಲಿಫೋನ್ ಗೂಡು ಕೂಡ ಅದರಲ್ಲಿವೆ. ಮೂರು ದರ್ಜೆ. ಮನೆ ಮಾಲೀಕರದೇ, ಅವರು ಅದರಲ್ಲೇ ಬಾಳುತ್ತಾರೆ, ಮಾರುತ್ತಾರೆ. ಕೆಡವುವ ಅಥವಾ ರೂಪಗೆಡಿಸುವ ಮುಂಚೆ ಮಾತ್ರ ಒಪ್ಪಿಗೆ ಕೇಳಬೇಕು. ಸ್ಮಾರಕ ಮತ್ತು ಏನೂ ಅಲ್ಲದ್ದು ಇವೆರಡರ ನಡುವೆ ಅವರು ಒಂದು ಮೆಟ್ಟಿಲು ಇಟ್ಟುಕೊಂಡರು. ನಮ್ಮ ಹಳ್ಳಿಗಳಲ್ಲಿ ಆ ಮೆಟ್ಟಿಲೇ ಇಲ್ಲ.

ಅದು ಇಲ್ಲದ್ದರಿಂದ ಹುಟ್ಟಿದ ಭಯ ಏನೆಂದು ಬಣಕಲ್ ಕಡೆಯ ಹಿರಿಯ ಗೌಡರೊಬ್ಬರ ಮಾತಿನಲ್ಲಿ ಕೇಳಿದೆ. ಮನೆಯ ವಯಸ್ಸು ವಿಚಾರಿಸುತ್ತಿದ್ದಂತೆ ಅವರು ಕಾಫಿ ಲೋಟ ಕೆಳಗಿಟ್ಟರು. "ಪಟ್ಟಿಗಿಟ್ಟಿಗೆ ಸೇರಿಸ್ಬೇಡಿ ಮಾರಾಯ್ರೆ. ಆಮೇಲೆ ನಮ್ಮನೆ ಹೆಂಚು ಬದಲಾಯಿಸೋಕೂ ಬೆಂಗ್ಳೂರಿಗೆ ಅರ್ಜಿ ಹಾಕ್ಬೇಕಾಗುತ್ತೆ." ಅವರ ಹೆದರಿಕೆಯನ್ನು ತಳ್ಳಿಹಾಕಲಾರೆ. ಪಟ್ಟಿಯೊಂದರಿಂದಲೇ ಕಟ್ಟಡ ಉಳಿಯುವುದೂ ಇಲ್ಲ. ಪಾರಂಪರಿಕ ಕಟ್ಟಡಗಳ ಪಟ್ಟಿ, ತಜ್ಞರ ಸಮಿತಿ ಎಲ್ಲ ಇರುವ ಮೈಸೂರಿನಲ್ಲೇ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಮಳೆಗೆ ಕುಸಿದು ನಾಲ್ವರು ಸತ್ತರು. ಹೆಸರು ಬರೆದುಕೊಂಡು ಹೋದವರು ಸೂರು ರಿಪೇರಿಗೆ ಬರದಿದ್ದರೆ ಆಗುವುದು ಅದೇ. ಆದ್ದರಿಂದ ಈ ಸೀಮೆಗೆ ಬೇಕಾದ ಪಟ್ಟಿ ಬೇರೆ ಬಗೆಯದು: ಮನೆಯವರ ಕೈ ಕಟ್ಟುವ ಪಟ್ಟಿಯಲ್ಲ, ಅವರ ಕೈಗೆ ಒಂದಿಷ್ಟು ಹಣವನ್ನೂ ಒಬ್ಬ ಬಲ್ಲ ಬಡಗಿಯನ್ನೂ ಕೊಡುವ ಪಟ್ಟಿ.

ಅಂಥದೊಂದು ಪಟ್ಟಿ ಬಣಕಲ್ಲಿನಲ್ಲಿ ಶುರುವಾದರೆ ಚರ್ಚನ್ನು ಬಿಡುವಂತಿಲ್ಲ. ಕಾಫಿ ತೋಟಗಳು ಹಬ್ಬಿದ ಕಾಲದಲ್ಲಿ ಕರಾವಳಿಯಿಂದ ಘಾಟಿ ಹತ್ತಿ ಬಂದ ಕೊಂಕಣಿ ಕ್ರೈಸ್ತರು ರೈಟರುಗಳಾಗಿ, ಬಡಗಿಗಳಾಗಿ, ಕೂಲಿಗಳಾಗಿ, ಆಮೇಲೆ ತೋಟದ ಒಡೆಯರಾಗಿ ಇಲ್ಲಿ ನೆಲೆನಿಂತರು. ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 1963ರಲ್ಲಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ; ಹೊಸ ಭತ್ತದ ತೆನೆಗೆ ಆಶೀರ್ವಾದವಾಗುತ್ತದೆ; ಆ ತೆನೆಯ ಕಾಳನ್ನು ಮನೆಯಲ್ಲಿ ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ಹುತ್ತರಿಯ ಕೊಡಗಿನವರಿಗೂ ಕದಿರು ಕಟ್ಟುವ ಮಲೆನಾಡಿನವರಿಗೂ ಇದು ಪರಕೀಯ ಹಬ್ಬವಲ್ಲ. ಚರ್ಚುಗಳ ಬೀರುಗಳಲ್ಲಿರುವ ದೀಕ್ಷಾಸ್ನಾನ, ಮದುವೆ, ಮರಣಗಳ ದಫ್ತರಗಳೂ ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳೂ ತೋಟಗಳ ಮಳೆಲೆಕ್ಕದ ಪುಸ್ತಕಗಳೂ ಈ ಬೆಟ್ಟಗಳಿಗೆ ಯಾರು ಯಾವಾಗ ಬಂದರು ಎಂಬುದನ್ನು ಹೇಳಬಲ್ಲ ಕಾಗದಗಳು. ಕಾಗದಕ್ಕೆ ಬೂಷ್ಟು ಹಿಡಿಯಲು ಒಂದೇ ಮಳೆಗಾಲ ಸಾಕು. ಸೂರು ಕಾಯುವುದೆಂದರೆ ಅದರ ಕೆಳಗಿರುವ ಇವನ್ನೂ ಕಾಯುವುದು.

ಚರ್ಚನ್ನು ನೀರು ತಿನ್ನುವುದು ಹೇಗೆಂದು ನೋಡಬೇಕಾದರೆ ಹೇಮಾವತಿಯ ಜೊತೆಗೇ ಕೆಳಗೆ ಹೋಗಬೇಕು. ಜಾವಳಿಯ ಬೆಟ್ಟದಲ್ಲಿ ಬೊಗಸೆಯಷ್ಟು ನೀರಾಗಿ ಹೊರಟವಳು ಸಕಲೇಶಪುರ ದಾಟಿ ಗೊರೂರಿಗೆ ಬರುವಾಗ ಸಮುದ್ರದಂತಾಗಿರುತ್ತಾಳೆ. ಅಲ್ಲಿ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಜರಿ ಚರ್ಚು ಇದೆ. ಚೂಪುಕಮಾನು, ಎತ್ತರದ ಗೋಡೆ, ಇಟ್ಟಿಗೆ ಗಾರೆಯ ಕೆಲಸ. 1979ರಲ್ಲಿ ಮುಗಿದ ಗೊರೂರಿನ ಅಣೆಕಟ್ಟಿನಿಂದಾಗಿ ಊರವರು ಬೇರೆಡೆಗೆ ಹೋದರು, ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ನೀರಿನೊಳಗೆ, ಬೇಸಿಗೆಯಲ್ಲಿ ಹೊರಗೆ. ಸೂರು ಎಂದೋ ಹೋಯಿತು. ಗೋಡೆಗಳು ವರ್ಷವರ್ಷ ಒಂದಷ್ಟು ಕಳಚುತ್ತಿವೆ. ನೋಡಲು ದೂರದೂರದಿಂದ ಜನ ಬರುತ್ತಾರೆ, ಮದುವೆಯ ಫೋಟೊ ತೆಗೆಸಿಕೊಳ್ಳುತ್ತಾರೆ. ಪಾಳು ಬಿದ್ದಮೇಲೆ ಒಂದು ಚರ್ಚಿಗೆ ಇಷ್ಟು ಜನ ಬರುತ್ತಾರಲ್ಲ ಎಂದು ನನಗೆ ಬೇಸರವೇ ಹೆಚ್ಚು. ಬಣಕಲ್ಲಿನ ಮೇಲೆ ಸುರಿದ ಮಳೆಯ ಒಂದು ಪಾಲು ಆ ಗೋಡೆಗಳನ್ನೂ ತೋಯಿಸುತ್ತದೆ.

ಗುಡಿಗಳ ಸಂಗತಿ ಬೇರೆ. ಪೂಜೆ ನಿಲ್ಲದ ಗುಡಿಗೆ ಸೂರು ತಪ್ಪುವುದಿಲ್ಲ. ಕಳಸದ ಕಲಶೇಶ್ವರನ ಮೆಟ್ಟಿಲು ಹತ್ತುವಾಗ ಇದು ಮನಸ್ಸಿಗೆ ಬರುತ್ತದೆ. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಭೈರರಸರ ಹಳೆಯ ನೆಲೆ ಕಳಸ. ಅರಸೊತ್ತಿಗೆ ಹೋಗಿ ಶತಮಾನಗಳಾದರೂ ಗಂಟೆ ನಿಂತಿಲ್ಲ. ಆದರೆ ಭಕ್ತಿಯೂ ಹಳೆಯದನ್ನು ಮುಚ್ಚಬಲ್ಲದು. ಮಲೆನಾಡಿನ ಎಷ್ಟೋ ಊರುಗಳಲ್ಲಿ ಜೀರ್ಣೋದ್ಧಾರ ಎಂದರೆ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಜಾರುವ ಗ್ರಾನೈಟು, ಶಾಸನದ ಕಲ್ಲು ಮೆಟ್ಟಿಲಿನ ಕೆಳಗೆ. ಮರದ ಕೆತ್ತನೆಯ ಮುಚ್ಚಿಗೆ ಕಿತ್ತು ಸೌದೆಗೆ ಹಾಕಿ ಕಾಂಕ್ರೀಟು ಹೊಯ್ದ ಕಡೆಗಳಲ್ಲಿ ಊರವರು ಸಂತೋಷದಿಂದಲೇ ಬ್ರಹ್ಮಕಲಶ ಮಾಡಿದರು. ಚಂದಾ ಎತ್ತಿದ ಆ ಶ್ರದ್ಧೆ ದೊಡ್ಡದು. ಅದೇ ಶ್ರದ್ಧೆಗೆ ಯಾರಾದರೂ ಮುಂಚಿತವಾಗಿ ಕೂತು, ಗೌಡ್ರೆ, ಭಟ್ರೆ, ಈ ಮರ ಇನ್ನೂ ನೂರು ವರ್ಷ ಬಾಳುತ್ತೆ, ಬರೀ ಮೇಲಿನ ಹೆಂಚು ಸರಿಮಾಡಿ ಎಂದು ಹೇಳಿದ್ದರೆ ಅರ್ಧ ಖರ್ಚಿನಲ್ಲಿ ಗುಡಿಯೂ ಕೆತ್ತನೆಯೂ ಉಳಿಯುತ್ತಿದ್ದವು.

2019ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಬೆಟ್ಟಗಳು ಕುಸಿದವು. ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. ಚಾರ್ಮಾಡಿ ಘಾಟಿ ಮುಚ್ಚಿತು. ಬದುಕಿದವರಿಗೆ ಅನ್ನ, ನೆಲೆ ಒದಗಿಸುವುದೇ ಆಗ ಮೊದಲ ಕೆಲಸವಾಗಿತ್ತು. ಹಳೆಯ ಮುಂಡಿಗೆ, ಕಣಜದ ಮಾತನ್ನು ಎತ್ತುವ ಹೊತ್ತಲ್ಲ ಅದು. ಆದರೂ ಹೋದದ್ದು ಏನೆಂದು ಬರೆದಿಟ್ಟವರಿಲ್ಲದಿದ್ದರೆ ಪರಿಹಾರದ ಅರ್ಜಿಯಲ್ಲಿ 'ಕಚ್ಚಾ ಮನೆ' ಎಂಬ ಎರಡು ಪದವಷ್ಟೇ ಉಳಿಯುತ್ತದೆ. ಯಾವ ಮರ, ಯಾವ ಬಡಗಿ, ಎಷ್ಟು ಅಂಕಣ, ಎಂಥ ಬಾಗಿಲು ಎಂಬುದಕ್ಕೆ ಅರ್ಜಿಯಲ್ಲಿ ಜಾಗವಿಲ್ಲ.

ತೋಟದ ಬಂಗಲೆಗಳನ್ನು ಹೋಂಸ್ಟೇ ಉಳಿಸುತ್ತಿದೆ. ಬಾಡಿಗೆ ಬರುವ ಕಡೆ ಹೆಂಚು ಬದಲಾಗುತ್ತದೆ, ಕೆಂಪು ನೆಲ ಹೊಳೆಯುತ್ತದೆ. ಲೈನ್ ಮನೆಗಳಿಗೆ ಆ ಭಾಗ್ಯವಿಲ್ಲ. ಒಂದೇ ಉದ್ದನೆಯ ಮಾಡಿನ ಕೆಳಗೆ ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಮುಂದೆ ಕಿರಿದಾದ ಜಗಲಿ, ಅದರ ಮೂಲೆಯಲ್ಲಿ ಒಲೆ. ಈ ಬೆಟ್ಟಗಳನ್ನು ಕಾಫಿ ತೋಟವಾಗಿಸಿದ ಕೈಗಳು ಮಲಗಿ ಎದ್ದದ್ದು ಅಲ್ಲಿ. ಅವುಗಳನ್ನು ಕೆಡವಿ ಕೂಲಿಯವರಿಗೆ ಒಳ್ಳೆಯ ಮನೆ ಕಟ್ಟಿಕೊಡಲಿ, ಅದು ಆಗಲೇಬೇಕು. ಒಂದು ಸಾಲನ್ನಾದರೂ ಅಳತೆ ತೆಗೆದು, ಅಲ್ಲಿ ಹುಟ್ಟಿದವರ ಬಾಯಿಂದ ಕೇಳಿ ಬರೆದು, ಸೂರು ಸರಿಮಾಡಿ ಉಳಿಸಬೇಕು. ದೊರೆಯ ಬಂಗಲೆ ಮಾತ್ರ ಉಳಿದ ಚರಿತ್ರೆ ಅರೆಬರೆ ಚರಿತ್ರೆ.

ಇದಕ್ಕೆಲ್ಲ ಕಾಲ ಯಾವುದೆಂದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ಕಾಫಿ ಕೊಯ್ಲು ಮುಗಿದು ಕಣ ಬರಿದಾದ ಮೇಲೆ, ಹೂಮಳೆ ಬಿದ್ದು ಸುಗ್ಗಿ ಹಬ್ಬ ಕಳೆದು, ಮುಂಗಾರಿಗೆ ಇನ್ನೂ ದಿನವಿರುವಾಗ ಹೆಂಚು ಕೈಯಾಡಿಸುತ್ತಿದ್ದರು. ಒಬ್ಬ ಮಾಡಿನ ಮೇಲೆ ಹತ್ತಿ, ಒಂದೊಂದೇ ಹೆಂಚು ಎತ್ತಿ, ಕಸ ಕೊಡವಿ, ಪಾಚಿ ತಿಕ್ಕಿ, ಬಿರುಕು ಬಿಟ್ಟದ್ದನ್ನು ಕೆಳಗೆ ಕೊಟ್ಟು, ಒಳ್ಳೆಯದನ್ನು ಮೇಲಕ್ಕೆ ಪಡೆದು ಜೋಡಿಸುತ್ತ ಹೋಗುತ್ತಿದ್ದ. ಕೊಳೆತ ರೀಪನ್ನು ಅಲ್ಲೇ ಬದಲಾಯಿಸುತ್ತಿದ್ದ. ಕೆಳಗೆ ಮನೆಮಂದಿಯೆಲ್ಲ ಸಾಲು ನಿಂತು ಹೆಂಚು ದಾಟಿಸುತ್ತಿದ್ದರು. ದೊಡ್ಡ ಮನೆಯಾದರೆ ವಾರ ಹಿಡಿಯುತ್ತಿತ್ತು. ಈಗ ಆ ಕೆಲಸ ಬಲ್ಲವರು ಬಣಕಲ್, ಬಾಳೂರು, ಕೊಟ್ಟಿಗೆಹಾರದ ಕಡೆ ಬೆರಳೆಣಿಕೆಯಷ್ಟು. ಅವರಲ್ಲೂ ಮಾಡಿನ ಮೇಲೆ ಹತ್ತುವ ವಯಸ್ಸು ದಾಟಿದವರೇ ಹೆಚ್ಚು. ಐಟಿಐಗಳಲ್ಲಿ ಫಿಟ್ಟರು, ಎಲೆಕ್ಟ್ರಿಷಿಯನ್ನರ ಜೊತೆಗೆ ಇದನ್ನೂ ಒಂದು ಕಸುಬೆಂದು ಕಲಿಸಲಿ. ಪಂಚಾಯಿತಿಗಳು ಮಳೆಗಾಲದ ಮುಂಚಿನ ಕೆಲಸಗಳ ಪಟ್ಟಿಗೆ ಇದನ್ನೂ ಸೇರಿಸಲಿ. ಹಳೆಯ ಮನೆ, ಶಾಲೆ, ಗುಡಿ, ಚರ್ಚು ಯಾವುದಾದರೂ ಆಗಲಿ, ಮೇ ತಿಂಗಳಲ್ಲಿ ಮೇಲೆ ಹತ್ತಲು ಒಬ್ಬ ಸಿಕ್ಕರೆ ಜೂನಿನಲ್ಲಿ ಗೋಡೆ ಒಣಗಿರುತ್ತದೆ. ಕಳೆದ ಬೇಸಿಗೆಯಲ್ಲಿ ಆಳಿಗಾಗಿ ಕಾದು ಕಾದು, ಕೊನೆಗೆ ಹೆಂಚಿನ ಮೇಲೆ ಟಾರ್ಪಾಲು ಹೊದಿಸಿ ಕಲ್ಲು ಹೇರಿ ಮಳೆಗಾಲಕ್ಕೆ ಕಾಲಿಟ್ಟ ಮನೆಗಳು ಈ ದಾರಿಯುದ್ದಕ್ಕೂ ಇವೆ.